ಕೀಬೋರ್ಡ್ ಬದಲಾದ್ರೂ ಬೆರಳಿಗೆ ಗೊತ್ತಾಗಬಾರದು

"ದಿನಕ್ಕೆ ಎಷ್ಟು ಗಂಟೆ ತಲೆ ಬಗ್ಗಿಸಿ ಕೂತಿರ್ತೀರಿ ಮೇಡಂ?"

ಬಸವೇಶ್ವರನಗರದ ಫಿಸಿಯೋಥೆರಪಿಸ್ಟ್ ಹೀಗೆ ಕೇಳಿದಾಗ ನಾನು ಮನಸ್ಸಲ್ಲೇ ಲೆಕ್ಕ ಹಾಕಿದೆ. ಆಫೀಸ್ ಕೆಲಸ ಒಂಬತ್ತು ಗಂಟೆ. ಅದೂ ವಾರದಲ್ಲಿ ಮೂರು ದಿನ ವಿಜಯನಗರದ ನಮ್ಮನೆ ಡೈನಿಂಗ್ ಟೇಬಲ್ ಮೇಲೆ, ಉಪ್ಪಿನಕಾಯಿ ಜಾಡಿ ಪಕ್ಕಕ್ಕೆ ಸರಿಸಿ. ಉಳಿದೆರಡು ದಿನ ಮೆಟ್ರೋದಲ್ಲಿ ವೈಟ್‌ಫೀಲ್ಡ್‌ಗೆ ಹೋಗಿ ಬರುವಾಗ ಕೈಯಲ್ಲಿ ಫೋನು. ಉತ್ತರ ಹೇಳೋಕೆ ನಾಚಿಕೆ ಆಯ್ತು.

ಕುತ್ತಿಗೆಯಿಂದ ಶುರುವಾದ ನೋವು ಬಲ ಭುಜಕ್ಕೆ ಇಳಿದಿತ್ತು. ಬೆಳಗ್ಗೆ ಎದ್ದಾಗ ಬೆರಳು ಜೋಮು ಹಿಡಿದಿರೋದು. "ದಿಂಬು ಸರಿಯಿಲ್ಲ" ಅಂದ್ಕೊಂಡು ಎರಡು ಸಲ ದಿಂಬು ಬದಲಾಯಿಸಿದ್ದೆ. ಅವರು ವ್ಯಾಯಾಮ ಹೇಳಿಕೊಟ್ಟರು. ಕೊನೆಗೆ ಒಂದು ಮಾತು ಹೇಳಿದರು: "ಲ್ಯಾಪ್‌ಟಾಪ್ ಸ್ಕ್ರೀನ್ ಕಣ್ಣಿನ ಮಟ್ಟಕ್ಕೆ ಏರಿಸಿ. ಕೀಬೋರ್ಡ್ ಬೇರೆ ತಗೊಳ್ಳಿ. ಅದಾಗದಿದ್ರೆ ಮುಂದಿನ ತಿಂಗಳು ಮತ್ತೆ ಇಲ್ಲೇ ಸಿಗೋಣ."

ಇಷ್ಟೇ ತಾನೇ ಅನ್ನಿಸ್ತು. ಅವತ್ತೇ ರಾತ್ರಿ ಆನ್‌ಲೈನ್‌ನಲ್ಲಿ ಒಂದು ಕೀಬೋರ್ಡ್ ಆರ್ಡರ್ ಮಾಡಿದೆ. ರೇಟಿಂಗ್ ಚೆನ್ನಾಗಿತ್ತು, ಬೆಲೆ ಕಡಿಮೆ ಇತ್ತು. ನಾಲ್ಕೇ ದಿನ. ಐದನೇ ದಿನ ಅದು ಅಟ್ಟ ಸೇರಿತು. ನಾನು ಮತ್ತೆ ಲ್ಯಾಪ್‌ಟಾಪ್ ಮೇಲೆ ಬಗ್ಗಿ ಕೂತೆ.

ಆ ಕೀಬೋರ್ಡ್ ಕೆಟ್ಟಿರಲಿಲ್ಲ. ನನ್ನ ಬೆರಳಿಗೆ ಒಗ್ಗಲಿಲ್ಲ, ಅಷ್ಟೇ. ಈ "ಅಷ್ಟೇ" ಅನ್ನೋದೇ ಇಡೀ ಸಮಸ್ಯೆ ಅಂತ ಗೊತ್ತಾಗೋಕೆ ನನಗೆ ಎರಡು ತಿಂಗಳು ಬೇಕಾಯ್ತು.

ಲ್ಯಾಪ್‌ಟಾಪ್‌ನ ಹುಟ್ಟುದೋಷ

ಲ್ಯಾಪ್‌ಟಾಪ್‌ನಲ್ಲಿ ಸ್ಕ್ರೀನೂ ಕೀಬೋರ್ಡೂ ಒಂದೇ ಕೀಲಿಗೆ ಅಂಟಿಕೊಂಡಿರುತ್ತೆ. ಕಣ್ಣಿಗೆ ಸ್ಕ್ರೀನ್ ಎತ್ತರದಲ್ಲಿ ಬೇಕು, ಕೈಗೆ ಕೀಬೋರ್ಡ್ ತಗ್ಗಿನಲ್ಲಿ ಬೇಕು. ಎರಡೂ ಒಟ್ಟಿಗೆ ಸಿಗೋದಿಲ್ಲ. ಮೇಜಿನ ಮೇಲಿಟ್ಟರೆ ಕುತ್ತಿಗೆ ಬಗ್ಗುತ್ತೆ. ಪುಸ್ತಕ ಪೇರಿಸಿ ಎತ್ತರಿಸಿದರೆ ಭುಜ ಎತ್ತಿ, ಮಣಿಕಟ್ಟು ಮಡಚಿ ಟೈಪ್ ಮಾಡಬೇಕು. ಯಾವುದೋ ಒಂದು ಅಂಗ ದಂಡ ಕಟ್ಟಲೇಬೇಕು.

ನಮ್ಮ ತಲೆಯ ತೂಕ ಸುಮಾರು ನಾಲ್ಕೂವರೆ-ಐದು ಕೆ.ಜಿ. ನೆಟ್ಟಗಿದ್ದಾಗ ಬೆನ್ನುಮೂಳೆ ಅದನ್ನು ಆರಾಮಾಗಿ ಹೊರುತ್ತೆ. ಮುಂದಕ್ಕೆ ಬಾಗಿದಷ್ಟೂ ಕುತ್ತಿಗೆಯ ಸ್ನಾಯು ಎಳೆದು ಹಿಡಿಯಬೇಕು. ಹಾಗಾಗಿ ಬೇರೆ ಕೀಬೋರ್ಡ್ ಅನ್ನೋದು ಶೋಕಿ ಅಲ್ಲ. ಸ್ಕ್ರೀನ್ ಮೇಲೆ ಹೋಗಬೇಕಾದರೆ ಕೈಗೆ ಕೆಳಗೊಂದು ಜಾಗ ಬೇಕು. ಆ ಜಾಗವೇ ಕೀಬೋರ್ಡ್.

ಆದರೆ ಹೊಸ ಚಪ್ಪಲಿ ಕಚ್ಚಿದರೆ ನಾವೇನು ಮಾಡ್ತೀವಿ? ಬಾಗಿಲ ಹಿಂದೆ ಬಿಟ್ಟು ಹಳೇದನ್ನೇ ಮೆಟ್ಟಿಕೊಂಡು ಹೋಗ್ತೀವಿ. ಕೀಬೋರ್ಡ್ ಕಥೆಯೂ ಅದೇ. ಒಗ್ಗದ ಕೀಬೋರ್ಡ್ ಅಟ್ಟ ಸೇರುತ್ತೆ, ಕುತ್ತಿಗೆ ಮತ್ತೆ ಬಗ್ಗುತ್ತೆ. ಆದ್ದರಿಂದ "ಲ್ಯಾಪ್‌ಟಾಪ್ ಥರಾನೇ ಇರೋ ಕೀಬೋರ್ಡ್ ಬೇಕು" ಅಂತ ಕೇಳೋದು ಹಟ ಅಲ್ಲ. ಅದನ್ನು ನಾವು ದಿನಾ ಬಳಸ್ತೀವೋ ಇಲ್ಲವೋ ಅನ್ನೋದು ಅದರ ಮೇಲೇ ನಿಂತಿದೆ.

ಬೆರಳಿಗೂ ನೆನಪಿದೆ

ಅಟ್ಟದ ಮೇಲಿನ ಕೀಬೋರ್ಡ್ ಕೆಳಗಿಳಿಸಿದ್ದು ನಮ್ಮಪ್ಪ. ಹುಡುಗರಾಗಿದ್ದಾಗ ರಾಜಾಜಿನಗರದ ಭಾಷ್ಯಂ ಸರ್ಕಲ್ ಹತ್ತಿರದ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗೆ ಹೋಗಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಪಾಸು ಮಾಡಿದವರು. ಕೀಬೋರ್ಡ್ ತೊಡೆ ಮೇಲಿಟ್ಟುಕೊಂಡು, ಯಾವುದಕ್ಕೂ ಸಿಕ್ಕಿಸದೆ, ಸುಮ್ಮನೆ ಟಪಟಪ ಒತ್ತಿ ನೋಡಿದರು.

"ಚೆನ್ನಾಗೇ ಇದೆಯಲ್ಲಮ್ಮ. ಏನಾಗಿದೆ ಇದಕ್ಕೆ?"

"ತುಂಬಾ ಆಳ ಅಪ್ಪ. ಒತ್ತಿದ್ರೆ ಒಳಗೆ ಹೋಗ್ತಾನೇ ಇರುತ್ತೆ. ಅಕ್ಷರ ಬಿಟ್ಟುಹೋಗುತ್ತೆ. ಕ್ಲೈಂಟ್‌ಗೆ ಮೇಲ್ ಕಳಿಸಿದ್ದೆ, ಒಂದು ಸೊನ್ನೆ ಕಮ್ಮಿ ಬಿದ್ದಿತ್ತು."

ಅಪ್ಪ ನಕ್ಕರು. "ಆಳಾನಾ ಇದು? ನಮ್ಮ ಮಷಿನ್ನಲ್ಲಿ ಕಿರುಬೆರಳಲ್ಲಿ ಒತ್ತಿದ್ರೆ ಸಾಯಂಕಾಲ ಊಟಕ್ಕೆ ಕೂತಾಗ ಬೆರಳು ನಡುಗೋದು. ಒಂದು ಇನ್‌ಸ್ಟಿಟ್ಯೂಟ್ ಬಿಟ್ಟು ಇನ್ನೊಂದಕ್ಕೆ ಸೇರಿದ್ರೆ ಮೊದಲ ವಾರ ಬರೀ ತಪ್ಪು. ಅಕ್ಷರ ಎಲ್ಲ ಅಲ್ಲೇ ಇರೋದು, ಮಷಿನ್ ಬೇರೆ ಅಷ್ಟೇ. ಬೆರಳಿಗೆ ಅಕ್ಷರ ಗೊತ್ತಿರಲ್ಲಮ್ಮ, ದೂರ ಗೊತ್ತಿರುತ್ತೆ."

ಬೆರಳಿಗೆ ದೂರ ಗೊತ್ತಿರುತ್ತೆ. ಈ ಮಾತು ಹಿಡಿದುಕೊಂಡೇ ನಾನು ಮುಂದಿನ ಹುಡುಕಾಟ ಶುರುಮಾಡಿದ್ದು. ಎಷ್ಟು ದೂರ ಪಕ್ಕಕ್ಕೆ ಸರಿಯಬೇಕು, ಎಷ್ಟು ಆಳ ಒತ್ತಬೇಕು, ಎಷ್ಟು ಎತ್ತರದಲ್ಲಿ ಕೈ ಇರಬೇಕು. ಈ ಮೂರು ನಮ್ಮ ಲ್ಯಾಪ್‌ಟಾಪ್‌ಗೆ ಹತ್ತಿರ ಇದ್ದರೆ ಬೆರಳಿಗೆ ಮನೆ ಬದಲಾಗಿದ್ದೇ ಗೊತ್ತಾಗಲ್ಲ.

ಒಳಗೆ ಏನಿದೆ?

ಹೊರಗಿಂದ ಎಲ್ಲ ಕೀಬೋರ್ಡೂ ಒಂದೇ ಥರ ಕಾಣುತ್ತೆ. ವ್ಯತ್ಯಾಸ ಇರೋದು ಕೀ ಕೆಳಗಡೆ. ಅಂಗಡಿಯಲ್ಲಿ ಸಿಗೋದರಲ್ಲಿ ಮುಖ್ಯವಾಗಿ ಮೂರು ಜಾತಿ.

ಮೊದಲನೇದು, ಸಾಮಾನ್ಯ ಡೆಸ್ಕ್‌ಟಾಪ್ ಕೀಬೋರ್ಡ್. ಬ್ಯಾಂಕಲ್ಲಿ, ಸೈಬರ್ ಸೆಂಟರಲ್ಲಿ ನೋಡಿರ್ತೀರಿ. ಪ್ರತಿ ಕೀ ಕೆಳಗೆ ಪುಟ್ಟ ರಬ್ಬರ್ ಬಟ್ಟಲು ಮಗುಚಿ ಹಾಕಿದ ಹಾಗಿರುತ್ತೆ. ಒತ್ತಿದಾಗ ಅದು ಕುಸಿದು, ಕೆಳಗಿನ ತೆಳು ಹಾಳೆಯ ಸರ್ಕ್ಯೂಟ್ ಮುಟ್ಟುತ್ತೆ. ಇದಕ್ಕೆ ಮೆಂಬ್ರೇನ್ ಅಂತಾರೆ. ಕೀ ಒಳಗೆ ಹೋಗೋ ಆಳ, ಅಂದರೆ 'ಟ್ರಾವೆಲ್', ಸಾಮಾನ್ಯವಾಗಿ 3.5ರಿಂದ 4 ಮಿ.ಮೀ. ನನ್ನ ಅಟ್ಟದ ಕೀಬೋರ್ಡ್ ಇದೇ ಜಾತಿ.

ಎರಡನೇದು ಸಿಸರ್ ಸ್ವಿಚ್. ಲ್ಯಾಪ್‌ಟಾಪ್‌ಗಳಲ್ಲಿ ಬಹುತೇಕ ಇರೋದು ಇದೇ. ಇಲ್ಲೂ ರಬ್ಬರ್ ಬಟ್ಟಲು ಇರುತ್ತೆ, ಆದರೆ ಅದರ ಸುತ್ತ ಕತ್ತರಿ ಹಾಗೆ ಅಡ್ಡಡ್ಡ ಹೆಣೆದ ಎರಡು ಪ್ಲಾಸ್ಟಿಕ್ ಕಾಲು ಕೀಯನ್ನು ಹಿಡಿದಿರುತ್ತೆ. ಮೂಲೆಯಲ್ಲಿ ಒತ್ತಿದರೂ ಕೀ ವಾಲದೆ ಸಮನಾಗಿ ಇಳಿಯುತ್ತೆ. ಟ್ರಾವೆಲ್ ಸುಮಾರು 1ರಿಂದ 2 ಮಿ.ಮೀ. ಮಾತ್ರ. ಲ್ಯಾಪ್‌ಟಾಪ್‌ನಲ್ಲಿ ಕಲಿತ ಬೆರಳು ಕೀಯನ್ನು ತಟ್ಟಿ ಮುಂದಕ್ಕೆ ಓಡುತ್ತೆ. ಅದೇ ಬೆರಳು 4 ಮಿ.ಮೀ. ಆಳದ ಕೀಯನ್ನು ಅರ್ಧ ಒತ್ತಿ ಬಿಟ್ಟುಬಿಡುತ್ತೆ. ನನ್ನ ಸೊನ್ನೆ ಬಿದ್ದುಹೋಗಿದ್ದು ಹೀಗೇ.

ಮೂರನೇದು ಮೆಕ್ಯಾನಿಕಲ್. ಪ್ರತಿ ಕೀಗೂ ಸ್ಪ್ರಿಂಗ್ ಇರೋ ಪ್ರತ್ಯೇಕ ಸ್ವಿಚ್. ಹೆಸರಾಂತ ಚೆರ್ರಿ ಎಂಎಕ್ಸ್ ಸ್ವಿಚ್‌ಗಳ ಒಟ್ಟು ಆಳ 4 ಮಿ.ಮೀ., ರೆಡ್, ಬ್ರೌನ್ ಬಗೆಯಲ್ಲಿ ಸುಮಾರು 2 ಮಿ.ಮೀ. ಇಳಿದಾಗಲೇ ಅಕ್ಷರ ಬೀಳುತ್ತೆ. ಬಾಳಿಕೆ ಜಾಸ್ತಿ, ಬೆಲೆಯೂ ಜಾಸ್ತಿ. ಗೇಮ್ ಆಡೋರು, ಕೋಡ್ ಬರೆಯೋರು ಇದರ ಭಕ್ತರು. ಇದರಲ್ಲೇ 'ಲೋ ಪ್ರೊಫೈಲ್' ಅನ್ನೋ ತೆಳು ಬಗೆ ಇದೆ, ಆಳ ಸುಮಾರು 3 ಮಿ.ಮೀ.

ಸಹೋದ್ಯೋಗಿಯೊಬ್ಬರು "ಒಂದು ವಾರ ಇಟ್ಕೊಂಡು ನೋಡಿ" ಅಂತ ತಮ್ಮ ಮೆಕ್ಯಾನಿಕಲ್ ಕೀಬೋರ್ಡ್ ಕೊಟ್ಟರು. ನೀಲಿ ಸ್ವಿಚ್, ಅಂದರೆ ಒತ್ತಿದಾಗೆಲ್ಲ ಕ್ಲಿಕ್ ಅನ್ನೋ ಬಗೆ. ಟೈಪ್ ಮಾಡೋಕೆ ಖುಷಿಯಾಗೇ ಇತ್ತು. ಆದರೆ ಆಗ ತಂಗಿ ಬಾಣಂತನಕ್ಕೆ ಬಂದಿದ್ದಳು. ಎರಡು ತಿಂಗಳ ಕೂಸು ಪಕ್ಕದ ರೂಮಲ್ಲಿ. ರಾತ್ರಿ ಒಂಬತ್ತೂವರೆಗೆ ಅಮೆರಿಕದವರ ಜೊತೆ ಕಾಲ್. ನಾನು ನೋಟ್ಸ್ ಬರೆಯೋಕೆ ಶುರುಮಾಡಿದೆ. ಮೂರನೇ ಸಾಲಿಗೆ ಮಗು ಎದ್ದಿತು. ಅಮ್ಮ ಬಾಗಿಲಲ್ಲಿ ನಿಂತು ಏನೂ ಮಾತಾಡಲಿಲ್ಲ, ಕೀಬೋರ್ಡ್ ಕಡೆ ನೋಡಿದರು ಅಷ್ಟೇ. ಮಾರನೇ ದಿನವೇ ವಾಪಸ್ ಕೊಟ್ಟೆ.

ಒಬ್ಬರೇ ಇರೋರಿಗೆ ಈ ಸದ್ದು ಸಮಸ್ಯೆ ಅಲ್ಲದೇ ಇರಬಹುದು. ಎರಡು ರೂಮಿನ ಮನೆಯಲ್ಲಿ ಐದು ಜನ ಇರುವಾಗ ಸದ್ದೂ ಒಂದು ಅಳತೆಯೇ. ಸಿಸರ್ ಕೀಬೋರ್ಡ್‌ಗಳು ಸಾಮಾನ್ಯವಾಗಿ ಸದ್ದು ಕಡಿಮೆ.

ಹಾಗಂತ ಆಳ ಕಡಿಮೆಯಾದಷ್ಟೂ ಒಳ್ಳೇದು ಅಂತಲ್ಲ. ಆಪಲ್ ಕಂಪನಿ 2015ರಲ್ಲಿ ಮ್ಯಾಕ್‌ಬುಕ್‌ಗೆ 'ಬಟರ್‌ಫ್ಲೈ' ಅನ್ನೋ ತೀರಾ ತೆಳು ಕೀಬೋರ್ಡ್ ತಂದಿತು. ದೂಳು ಸೇರಿ ಕೀ ಕಚ್ಚಿಕೊಳ್ಳುತ್ತೆ, ಒತ್ತಿದ್ದು ಗೊತ್ತಾಗಲ್ಲ ಅಂತ ದೂರು ಬಂದು, 2018ರಲ್ಲಿ ಉಚಿತ ರಿಪೇರಿ ಯೋಜನೆಯನ್ನೇ ಘೋಷಿಸಬೇಕಾಯ್ತು. 2019ರ ಕೊನೆಗೆ ಬಂದ 16 ಇಂಚಿನ ಮ್ಯಾಕ್‌ಬುಕ್ ಪ್ರೋದಲ್ಲಿ ಮತ್ತೆ ಸಿಸರ್‌ಗೇ ವಾಪಸ್. ಬೆರಳಿಗೆ "ಒತ್ತಿದೆ" ಅನ್ನೋ ಸಮಾಧಾನ ಬೇಕೇ ಬೇಕು.

ಅಂಗಡಿಗೆ ಹೋಗೋ ಮೊದಲು ಸ್ಕೇಲ್ ತಗೊಳ್ಳಿ

ನಾನು ಮಾಡಿದ ದೊಡ್ಡ ತಪ್ಪು: ಹೊಸ ಕೀಬೋರ್ಡ್‌ನ ರಿವ್ಯೂ ಹತ್ತು ನೋಡಿದೆ, ನನ್ನ ಲ್ಯಾಪ್‌ಟಾಪ್‌ನ ಕೀಬೋರ್ಡ್ ಒಂದು ಸಲವೂ ನೋಡಲಿಲ್ಲ. ಎರಡನೇ ಸಲ ಸ್ಕೂಲ್ ಸ್ಕೇಲ್ ಹಿಡಿದು ಐದು ನಿಮಿಷ ಕೂತೆ. ನೀವೂ ಕೂರಿ.

ಒಂದು, ಅಗಲ. Q ಕೀಯ ಎಡ ಅಂಚಿನಿಂದ P ಕೀಯ ಎಡ ಅಂಚಿನವರೆಗೆ ಅಳೆಯಿರಿ. ಪೂರ್ಣ ಗಾತ್ರದ ಕೀಬೋರ್ಡ್‌ನಲ್ಲಿ ಒಂದು ಕೀಯಿಂದ ಇನ್ನೊಂದಕ್ಕೆ ಸುಮಾರು 19 ಮಿ.ಮೀ. ಇರೋದರಿಂದ ಇದು 17 ಸೆಂಟಿಮೀಟರ್ ಆಸುಪಾಸು ಬರುತ್ತೆ. ಬ್ಯಾಗಲ್ಲಿ ಹಿಡಿಸೋ ಪುಟಾಣಿ ಕೀಬೋರ್ಡ್‌ಗಳಲ್ಲಿ ಇದು ಕಡಿಮೆ ಇರುತ್ತೆ. ಅರ್ಧ ಸೆಂಟಿಮೀಟರ್ ಕಡಿಮೆ ಇದ್ದರೂ ಬೆರಳು ಪಕ್ಕದ ಮನೆ ಬಾಗಿಲು ತಟ್ಟೋಕೆ ಶುರುಮಾಡುತ್ತೆ.

ಎರಡು, ಎತ್ತರ. ಮೇಜಿನಿಂದ ಸ್ಪೇಸ್‌ಬಾರ್ ಮೇಲ್ಭಾಗದವರೆಗೆ ಎಷ್ಟು? ಲ್ಯಾಪ್‌ಟಾಪ್‌ನಲ್ಲಿ ಅಂಗೈ ಇಡೋಕೆ ಮುಂದೆ ಜಾಗ ಇರುತ್ತೆ; ಬೇರೆ ಕೀಬೋರ್ಡ್‌ನಲ್ಲಿ ಅದು ಇರಲ್ಲ. ಕೀಬೋರ್ಡ್ ದಪ್ಪ ಇದ್ದರೆ ಮಣಿಕಟ್ಟು ಹಿಂದಕ್ಕೆ ಮಡಚಿಕೊಳ್ಳುತ್ತೆ. ಆದ್ದರಿಂದ ತೆಳು ಇದ್ದಷ್ಟೂ ವಾಸಿ. ಹಿಂಭಾಗದ ಮಡಚೋ ಕಾಲುಗಳನ್ನು ಎತ್ತರಿಸೋದು ಎಲ್ಲರ ಅಭ್ಯಾಸ. ಅದು ಮಣಿಕಟ್ಟನ್ನು ಇನ್ನಷ್ಟು ಮಡಚುತ್ತೆ. ಕಾಲು ಮಡಚೇ ಇಡಿ.

ಮೂರು, ಎಡ ಮೂಲೆ. ನಿಮ್ಮ ಲ್ಯಾಪ್‌ಟಾಪ್‌ನ ಕೆಳಗಿನ ಸಾಲಿನ ಎಡ ತುದಿಯಲ್ಲಿ Ctrl ಇದೆಯಾ, Fn ಇದೆಯಾ? ಹಳೆಯ ಥಿಂಕ್‌ಪ್ಯಾಡ್‌ಗಳಲ್ಲಿ Fn ಮೊದಲು, Ctrl ಆಮೇಲೆ. ಮ್ಯಾಕ್‌ನಲ್ಲಿ ಸ್ಪೇಸ್‌ಬಾರ್ ಪಕ್ಕ ಕಮಾಂಡ್. ದಿನಕ್ಕೆ ನೂರು ಸಲ ಕಾಪಿ-ಪೇಸ್ಟ್ ಮಾಡೋರಿಗೆ ಈ ಒಂದು ಕೀ ಜಾಗ ಬದಲಾದರೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.

ನಾಲ್ಕು, ನಂಬರ್ ಪ್ಯಾಡ್. ಅಕೌಂಟ್ಸ್ ಕೆಲಸದವರಿಗೆ ಬೇಕೇ ಬೇಕು. ಬೇರೆಯವರು ಯೋಚಿಸಿ. ಬಲಗಡೆ ನಂಬರ್ ಪ್ಯಾಡ್ ಇದ್ದರೆ ಮೌಸ್ ಅಷ್ಟು ದೂರ ಹೋಗುತ್ತೆ, ಅದರ ಹಿಂದೆ ನಿಮ್ಮ ಬಲಗೈ, ಭುಜ ಕೂಡ. ನನ್ನ ಬಲ ಭುಜದ ನೋವಿಗೆ ಇದೂ ಒಂದು ಕಾರಣ ಇರಬಹುದು ಅಂದರು ಫಿಸಿಯೋ. ನನ್ನ ಲ್ಯಾಪ್‌ಟಾಪ್‌ನಲ್ಲಿ ನಂಬರ್ ಪ್ಯಾಡ್ ಇರಲಿಲ್ಲ, ಹೊಸದರಲ್ಲಿ ಇತ್ತು.

ಕನ್ನಡ ಬರೆಯೋರು ಶಿಫ್ಟ್ ಕೀ ನೋಡಿ

ಯೂಟ್ಯೂಬ್‌ನ ರಿವ್ಯೂಗಳು ಇಂಗ್ಲಿಷ್ ಬರೆಯೋರನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದ್ದು. ನನ್ನದು ಅರ್ಧ ಕೆಲಸ ಕನ್ನಡದಲ್ಲಿ: ಆ್ಯಪ್‌ಗಳ ಕನ್ನಡ ಪಠ್ಯ ಸರಿಪಡಿಸೋದು. ಕನ್ನಡ ಟೈಪಿಸುವವರಿಗೆ ಕೀಬೋರ್ಡ್‌ನ ಕಷ್ಟಸುಖ ಸ್ವಲ್ಪ ಬೇರೆ.

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರೋದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಿಗೆಲ್ಲ ಹರಡಿದ್ದು ಇದೇ. ಇಂಗ್ಲಿಷ್‌ನ 26 ಅಕ್ಷರದ ಕೀಗಳಲ್ಲೇ ಇಡೀ ಕನ್ನಡ ವರ್ಣಮಾಲೆ ಕೂರಿಸಿರೋದು ಇದರ ಚಮತ್ಕಾರ. k ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ದೀರ್ಘ, ಮಹಾಪ್ರಾಣ, ಣ, ಳ, ಸೊನ್ನೆ ಎಲ್ಲ ಶಿಫ್ಟ್ ಜೊತೆ. ಒತ್ತಕ್ಷರಕ್ಕೆ ಬೇಕಾದ ಅರ್ಧಾಕ್ಷರ f ಕೀಯಲ್ಲಿ.

'ಬಾಣಂತನ' ಅಂತ ಬರೆದು ನೋಡಿ: b A N M t n. ಆರು ಕೀ, ಅದರಲ್ಲಿ ಮೂರಕ್ಕೆ ಶಿಫ್ಟ್. 'ವಿದ್ಯಾರ್ಥಿ' ಬರೆಯೋಕೆ v i d f y A r f T i. ಹತ್ತು ಕೀ, ಎರಡು ಸಲ ಶಿಫ್ಟ್, ಎರಡು ಸಲ f. ಇಂಗ್ಲಿಷ್‌ನಲ್ಲಿ ವಾಕ್ಯಕ್ಕೆ ಒಂದು ಸಲ ಒತ್ತೋ ಶಿಫ್ಟ್ ನಮಗೆ ಪದಕ್ಕೆ ಎರಡು ಮೂರು ಸಲ.

ಆದ್ದರಿಂದ ಶಿಫ್ಟ್ ಕೀಯ ಗಾತ್ರ ನೋಡಿ, ಮುಖ್ಯವಾಗಿ ಬಲಗಡೆಯದ್ದು. A ಕೀ ಎಡ ಕಿರುಬೆರಳಿಗೆ ಸೇರಿದ್ದು, ಅಂದರೆ ದೀರ್ಘ ಹಾಕುವಾಗೆಲ್ಲ ಶಿಫ್ಟ್ ಒತ್ತಬೇಕಾದ್ದು ಬಲ ಕಿರುಬೆರಳು. ಕೆಲವು ಚಿಕ್ಕ ಕೀಬೋರ್ಡ್‌ಗಳಲ್ಲಿ ಬಾಣದ ಗುರುತಿನ ಕೀಗಳಿಗೆ ಜಾಗ ಮಾಡೋಕೆ ಬಲ ಶಿಫ್ಟ್ ಅರ್ಧ ಕತ್ತರಿಸಿರ್ತಾರೆ. ಅಲ್ಲಿ 'ಕಾ' ಬರೆಯೋಕೆ ಹೋದರೆ ಕರ್ಸರ್ ಮೇಲಿನ ಸಾಲಿಗೆ ಹಾರುತ್ತೆ. ಇನ್ನೊಂದು, F ಮತ್ತು J ಮೇಲಿನ ಸಣ್ಣ ಗೆರೆ ಬೆರಳಿಗೆ ಚೆನ್ನಾಗಿ ಸಿಗಬೇಕು. ಒತ್ತಕ್ಷರದ ನಾಡಿಗೆ F ಕೀಯೇ ಹೆಬ್ಬಾಗಿಲು.

ಕೇಂದ್ರ ಸರ್ಕಾರದ ಪ್ರಮಾಣಿತ ವಿನ್ಯಾಸ 'ಇನ್‌ಸ್ಕ್ರಿಪ್ಟ್' ಬಳಸೋರೂ ಇದ್ದಾರೆ. ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಅಲ್ಲಿಯೂ ಮಹಾಪ್ರಾಣಕ್ಕೆ ಶಿಫ್ಟ್ ತಪ್ಪಿದ್ದಲ್ಲ. ಅಲ್ಪವಿರಾಮ, ಸೆಮಿಕೋಲನ್, ಬ್ರ್ಯಾಕೆಟ್ ಕೀಗಳ ಮೇಲೂ ಕನ್ನಡ ಅಕ್ಷರ ಕೂತಿರೋದರಿಂದ ಆ ಕೀಗಳು ಚಿಕ್ಕದಾಗಿದ್ದರೆ ಅಥವಾ ಜಾಗ ಬದಲಾಗಿದ್ದರೆ ಕಷ್ಟ.

ಬಹಳ ಜನ ಕೇಳೋ ಪ್ರಶ್ನೆ: "ಕನ್ನಡ ಕೀಬೋರ್ಡ್ ಎಲ್ಲಿ ಸಿಗುತ್ತೆ?" ಬೇರೆ ಹುಡುಕೋದೇ ಬೇಡ. ಭಾಷೆ ಇರೋದು ಕಂಪ್ಯೂಟರ್ ಒಳಗೆ, ಕೀಬೋರ್ಡ್ ಒಳಗಲ್ಲ. ವಿಂಡೋಸ್‌ನಲ್ಲಿ ಕನ್ನಡ ಇನ್‌ಸ್ಕ್ರಿಪ್ಟ್ ಮೊದಲಿಂದಲೂ ಇದೆ, 2019ರ ಅಪ್‌ಡೇಟ್‌ನಿಂದ ಉಚ್ಚಾರಣೆ ಪ್ರಕಾರ ಬರೆಯೋ ಫೋನೆಟಿಕ್ ಕೂಡ ಬಂದಿದೆ. ಲಿನಕ್ಸ್‌ನಲ್ಲಿ 'ಕಗಪ' ಹೆಸರಲ್ಲೇ ಸಿಗುತ್ತೆ. ಇರೋ ಕೀಬೋರ್ಡ್‌ಗೆ ಅಕ್ಷರದ ಸ್ಟಿಕ್ಕರ್ ಅಂಟಿಸಿಕೊಂಡು ಕಲಿಯಬಹುದು. ಬೆರಳು ದೂರ ಕಲಿತ ಮೇಲೆ ಸ್ಟಿಕ್ಕರ್ ಸವೆದರೂ ಚಿಂತೆಯಿಲ್ಲ.

ಒತ್ತಿ ನೋಡಿ ಕೊಳ್ಳಿ

ಕೀಬೋರ್ಡ್ ಫೋಟೋ ನೋಡಿ ಕೊಳ್ಳೋದು ಅಂದರೆ ಮಾವಿನಹಣ್ಣು ಫೋಟೋ ನೋಡಿ ಕೊಂಡ ಹಾಗೆ. ಮುಟ್ಟಲೇಬೇಕು.

ನಮ್ಮ ಕಡೆ ಡಾ. ರಾಜ್‌ಕುಮಾರ್ ರಸ್ತೆ, ಕಾರ್ಡ್ ರೋಡ್ ಕಡೆಯ ದೊಡ್ಡ ಎಲೆಕ್ಟ್ರಾನಿಕ್ಸ್ ಮಳಿಗೆಗಳಲ್ಲಿ ಲ್ಯಾಪ್‌ಟಾಪ್‌ಗಳನ್ನು ತೆರೆದಿಟ್ಟಿರ್ತಾರೆ. ಮೊದಲು ಅಲ್ಲಿ ಹೋಗಿ ಬೇರೆ ಬೇರೆ ಲ್ಯಾಪ್‌ಟಾಪ್ ಒತ್ತಿ ನೋಡಿ. ನಿಮ್ಮ ಬೆರಳಿಗೆ ಎಷ್ಟು ಆಳ ಹಿತ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ. ಬಿಡಿ ಕೀಬೋರ್ಡ್‌ಗಳ ಆಯ್ಕೆ ಜಾಸ್ತಿ ಬೇಕಾದರೆ ಎಸ್.ಪಿ. ರೋಡ್ ಇದ್ದೇ ಇದೆ. ಕೆಂಗೇರಿ, ವಿಜಯನಗರದವರು ನೇರಳೆ ಲೈನ್‌ನಲ್ಲಿ ಮೆಜೆಸ್ಟಿಕ್‌ಗೆ ಬಂದು ಹಸಿರು ಲೈನ್ ಹಿಡಿಯಿರಿ. ರಾಜಾಜಿನಗರದವರಿಗೆ ಹಸಿರು ಲೈನ್ ನೇರ. ಚಿಕ್ಕಪೇಟೆ ಅಥವಾ ಕೆ.ಆರ್. ಮಾರ್ಕೆಟ್ ಸ್ಟೇಷನ್‌ನಲ್ಲಿ ಇಳಿದು ನಡೀಬಹುದು. ಗಾಡಿ ತಗೊಂಡು ಹೋಗಬೇಡಿ, ಪಾರ್ಕಿಂಗ್ ಸಿಗಲ್ಲ. ಭಾನುವಾರವೂ ಬೇಡ, ಹೆಚ್ಚಿನ ಅಂಗಡಿ ಮುಚ್ಚಿರುತ್ತೆ.

"ಸಿಸರ್ ಸ್ವಿಚ್ ತೋರಿಸಿ" ಅಂತ ಕೇಳಿ. ಕೆಲವು ಕಡೆ ಆ ಹೆಸರು ಹೇಳಿದರೆ ಗೊತ್ತಾಗದೇ ಇರಬಹುದು. ಆಗ "ಲ್ಯಾಪ್‌ಟಾಪ್ ಥರ ಸ್ಲಿಮ್ ಕೀಬೋರ್ಡ್" ಅಂದರೆ ಸಾಕು. ಆದರೆ ಒಂದು ಎಚ್ಚರ: ನೋಡೋಕೆ ತೆಳು, ಚಪ್ಪಟೆ ಕೀ ಇದ್ದರೂ ಒಳಗೆ ಬರೀ ರಬ್ಬರ್ ಬಟ್ಟಲು ಇರೋ ಅಗ್ಗದ ಕೀಬೋರ್ಡ್‌ಗಳು ಬಹಳ. ಪತ್ತೆ ಹಚ್ಚೋದು ಸುಲಭ. ಶಿಫ್ಟ್, ಎಂಟರ್, ಸ್ಪೇಸ್‌ಬಾರ್ ಇಂಥ ದೊಡ್ಡ ಕೀಗಳನ್ನು ಮಧ್ಯದಲ್ಲಿ ಒತ್ತಬೇಡಿ, ತುದಿಯಲ್ಲಿ ಒತ್ತಿ. ಸಮನಾಗಿ ಇಳಿದರೆ ಒಳ್ಳೇದು. ಒಂದು ಕಡೆ ವಾಲಿ ಕಚ್ಚಿಕೊಂಡರೆ ಬಿಟ್ಟುಬಿಡಿ.

ನಿಂತುಕೊಂಡು ಒಂದು ಬೆರಳಲ್ಲಿ ಒತ್ತಿದರೆ ಏನೂ ಗೊತ್ತಾಗಲ್ಲ. ಸ್ಟೂಲ್ ಕೇಳಿ ಕೂತ್ಕೊಳ್ಳಿ. ಬ್ಲೂಟೂತ್ ಕೀಬೋರ್ಡ್ ಆದರೆ ನಿಮ್ಮ ಫೋನ್‌ಗೇ ಜೋಡಿಸಿ, ನೋಟ್ಸ್ ತೆಗೆದು ಎರಡು ಪ್ಯಾರಾ ಟೈಪ್ ಮಾಡಿ. ಎಷ್ಟು ತಪ್ಪಾಯ್ತು ಎಣಿಸಿ. ನಾನು ಹೀಗೆ ಕೂತಾಗ ಅಂಗಡಿಯವರು ಮೊದಲು ವಿಚಿತ್ರವಾಗಿ ನೋಡಿದರು, ಆಮೇಲೆ ತಾವೇ ಇನ್ನೆರಡು ಬಾಕ್ಸ್ ತೆರೆದರು. "ಎಲ್ರೂ ಲೈಟ್ ಇದ್ಯಾ ಅಂತ ಕೇಳ್ತಾರೆ ಮೇಡಂ, ಟೈಪ್ ಮಾಡಿ ನೋಡಿದ್ದು ನೀವೇ" ಅಂದರು.

ಆನ್‌ಲೈನ್‌ನಲ್ಲೇ ಕೊಳ್ಳೋದಾದರೆ 'ರಿಟರ್ನ್' ಅಂತ ಇದೆಯಾ, ಬರೀ 'ರಿಪ್ಲೇಸ್‌ಮೆಂಟ್' ಅಂತ ಇದೆಯಾ ನೋಡಿ. ರಿಪ್ಲೇಸ್‌ಮೆಂಟ್ ಅಂದರೆ ಕೆಟ್ಟಿದ್ದರೆ ಮಾತ್ರ ಅದೇ ಮಾಲು ಮತ್ತೊಂದು. ಬೆರಳಿಗೆ ಒಗ್ಗಲಿಲ್ಲ ಅಂದರೆ ಯಾರೂ ದುಡ್ಡು ವಾಪಸ್ ಕೊಡಲ್ಲ. ನನ್ನ ಅಟ್ಟದ ಕೀಬೋರ್ಡ್ ಅಟ್ಟದಲ್ಲೇ ಉಳಿದಿದ್ದು ಇದರಿಂದಲೇ.

ತಂತಿ, ಡಾಂಗಲ್, ಬ್ಲೂಟೂತ್

ಇದನ್ನು ಕೊಳ್ಳೋ ಮೊದಲೇ ಆಫೀಸಿನ ಐಟಿಯವರನ್ನು ಕೇಳಿ. ಕೆಲವು ಕಂಪನಿಗಳು ಲ್ಯಾಪ್‌ಟಾಪ್‌ನ ಬ್ಲೂಟೂತ್ ಬಂದ್ ಮಾಡಿರುತ್ತವೆ, ಕೆಲವು ಯುಎಸ್‌ಬಿ ಸಾಧನಗಳಿಗೆ ಬೀಗ ಹಾಕಿರುತ್ತವೆ. ಆನ್ ಮಾಡಿದ ತಕ್ಷಣ, ವಿಂಡೋಸ್ ಶುರುವಾಗೋ ಮುಂಚೆಯೇ ಪಿನ್ ಕೇಳೋ ಲ್ಯಾಪ್‌ಟಾಪ್ ನಿಮ್ಮದಾಗಿದ್ದರೆ, ಆ ಹಂತದಲ್ಲಿ ಬ್ಲೂಟೂತ್ ಕೀಬೋರ್ಡ್ ಸಾಮಾನ್ಯವಾಗಿ ಕೆಲಸ ಮಾಡಲ್ಲ. ತಂತಿ ಅಥವಾ ಡಾಂಗಲ್ ಇರೋದು ಕೆಲಸ ಮಾಡುತ್ತೆ.

ಆಫೀಸ್ ಲ್ಯಾಪ್‌ಟಾಪ್, ಸ್ವಂತ ಲ್ಯಾಪ್‌ಟಾಪ್, ಫೋನ್ ಮೂರಕ್ಕೂ ಒಂದೇ ಕೀಬೋರ್ಡ್ ಬೇಕಾದರೆ, ಗುಂಡಿ ಒತ್ತಿದರೆ ಸಾಧನ ಬದಲಾಗೋ ಬ್ಲೂಟೂತ್ ಬಗೆ ಅನುಕೂಲ. ಒಂದೇ ಜಾಗದಲ್ಲಿ ಕೂತು ಕೆಲಸ ಮಾಡೋರಿಗೆ ತಂತಿಯೇ ನೆಮ್ಮದಿ: ಬ್ಯಾಟರಿ ಚಿಂತೆಯಿಲ್ಲ, ಬೆಲೆಯೂ ಕಡಿಮೆ.

ಕೆಲವು ಹೆಸರುಗಳು

ಲಾಜಿಟೆಕ್ ಕೆ380 ಚಿಕ್ಕದು, ಹಗುರ, ಎರಡು ಸಣ್ಣ ಬ್ಯಾಟರಿಯಲ್ಲಿ ಓಡುತ್ತೆ, ಮೂರು ಸಾಧನಕ್ಕೆ ಜೋಡಿಸಬಹುದು. ಆದರೆ ಕೀಗಳು ಗುಂಡಗಿರೋದರಿಂದ ಕೆಲವರಿಗೆ ಅಂಚಿನಲ್ಲಿ ಜಾರುತ್ತೆ. ಅದೇ ಕಂಪನಿಯ ಎಂಎಕ್ಸ್ ಕೀಸ್ ಪೂರ್ಣ ಗಾತ್ರದ್ದು, ಭಾರ ಇರೋದರಿಂದ ಅಲ್ಲಾಡಲ್ಲ, ಕೀ ಮೇಲೆ ಬೆರಳು ಕೂರೋಕೆ ಸಣ್ಣ ಗುಳಿ ಇದೆ. ಬೆಲೆ ಕೆ380ರ ಹಲವು ಪಟ್ಟು. ನಂಬರ್ ಪ್ಯಾಡ್ ಬೇಡದವರಿಗೆ ಅದರ 'ಮಿನಿ' ಇದೆ. ಮ್ಯಾಕ್‌ಬುಕ್ ಬಳಸೋರಿಗೆ ಆಪಲ್‌ನ ಮ್ಯಾಜಿಕ್ ಕೀಬೋರ್ಡ್ ತೀರಾ ಹತ್ತಿರದ ಅನುಭವ. ಥಿಂಕ್‌ಪ್ಯಾಡ್‌ಗೆ ಒಗ್ಗಿದವರಿಗೆ ಲೆನೊವೊದ ಥಿಂಕ್‌ಪ್ಯಾಡ್ ಟ್ರ್ಯಾಕ್‌ಪಾಯಿಂಟ್ ಕೀಬೋರ್ಡ್ 2 ಇದೆ, ನಡುವಿನ ಕೆಂಪು ಚುಕ್ಕೆ ಸಮೇತ. ಮೆಕ್ಯಾನಿಕಲ್ಲೇ ಬೇಕು, ಆದರೆ ತೆಳು ಇರಲಿ ಅನ್ನೋರು ಕೀಕ್ರಾನ್ ಕೆ3ಯಂಥ ಲೋ ಪ್ರೊಫೈಲ್ ಬಗೆ ನೋಡಬಹುದು.

ದುಬಾರಿಯೇ ಬೇಕಂತೇನಿಲ್ಲ. ತಂತಿ ಇರೋ ಒಳ್ಳೆ ಸಿಸರ್ ಕೀಬೋರ್ಡ್ ಕಡಿಮೆ ಬೆಲೆಗೂ ಸಿಗುತ್ತೆ. ನಾನು ಕೊನೆಗೆ ಕೊಂಡಿದ್ದು ಅಂಥದ್ದೇ: ನಂಬರ್ ಪ್ಯಾಡ್ ಇಲ್ಲದ್ದು, ಬಲ ಶಿಫ್ಟ್ ಪೂರ್ತಿ ಇರೋದು, ಸದ್ದಿಲ್ಲದ್ದು.

ಕೀಬೋರ್ಡ್ ಬಂದ ಮೇಲೆ

ಕೀಬೋರ್ಡ್ ಕೊಂಡು ಸ್ಕ್ರೀನ್ ಅಲ್ಲೇ ಕೆಳಗೆ ಬಿಟ್ಟರೆ ಕೊಂಡಿದ್ದೇ ದಂಡ. ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ, ಒಂದು ತೋಳಿನ ದೂರದಲ್ಲಿ ಇರಲಿ. ಸ್ಟ್ಯಾಂಡ್ ಇಲ್ಲದಿದ್ದರೆ ದಪ್ಪ ಪುಸ್ತಕ ಸಾಕು. ನಮ್ಮನೆಯಲ್ಲಿ ಹಳೇ ನಿಘಂಟಿನ ಎರಡು ಸಂಪುಟ ಈ ಸೇವೆಯಲ್ಲಿವೆ. ಗಾಳಿಯಾಡೋ ಕಿಂಡಿ ಮುಚ್ಚದ ಹಾಗೆ ಇಡಿ. ಕೀಬೋರ್ಡ್ ಮೇಜಿನ ಅಂಚಿಗೆ ಹತ್ತಿರ, ಮೊಣಕೈ ಹೆಚ್ಚುಕಮ್ಮಿ ಲಂಬಕೋನದಲ್ಲಿ, ಮಣಿಕಟ್ಟು ನೆಟ್ಟಗೆ. ಮೌಸ್ ಪಕ್ಕದಲ್ಲೇ ಇರಲಿ. ಕುರ್ಚಿ ಎತ್ತರ ಮಾಡಿದಾಗ ಕಾಲು ನೆಲಕ್ಕೆ ಸಿಗದಿದ್ದರೆ ಕೆಳಗೆ ಒಂದು ಮಣೆ ಇಡಿ.

ಇಷ್ಟು ಮಾಡಿದರೂ ಅರ್ಧ-ಮುಕ್ಕಾಲು ಗಂಟೆಗೊಮ್ಮೆ ಎದ್ದು ಓಡಾಡಲೇಬೇಕು. ಜೋಮು ಹೋಗದೇ ಇದ್ದರೆ, ಕೈಯಲ್ಲಿ ಶಕ್ತಿ ಕಡಿಮೆಯಾದ ಹಾಗಿದ್ದರೆ, ಹಿಡಿದ ಲೋಟ ಜಾರುತ್ತಿದ್ದರೆ ಕೀಬೋರ್ಡ್ ಹುಡುಕುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.

ನನ್ನ ಜೋಮು ಪೂರ್ತಿ ಹೋಗೋಕೆ ಸಮಯ ಹಿಡೀತು. ವ್ಯಾಯಾಮ, ಎತ್ತರದ ಸ್ಕ್ರೀನು, ನಡುನಡುವೆ ಎದ್ದು ಓಡಾಡೋದು ಎಲ್ಲ ಸೇರಿ ಆದ ಕೆಲಸ ಅದು. ಕೀಬೋರ್ಡ್ ಒಂದರದ್ದೇ ಪವಾಡ ಅಂತ ಹೇಳಲ್ಲ. ಆದರೆ ಈ ಸಲ ಕೀಬೋರ್ಡ್ ಅಟ್ಟ ಹತ್ತಲಿಲ್ಲ.

ಅಟ್ಟದಲ್ಲಿದ್ದ ಮೊದಲನೇದೂ ಈಗ ಅಲ್ಲಿಲ್ಲ. ಅಪ್ಪ ಅದನ್ನು ತಮ್ಮ ಹಳೇ ಕಂಪ್ಯೂಟರ್‌ಗೆ ಸಿಕ್ಕಿಸಿಕೊಂಡಿದ್ದಾರೆ. ನಮ್ಮ ಬೀದಿಯ ನಿವಾಸಿಗಳ ಸಂಘದ ಸಭೆ ನಡಾವಳಿ ಕನ್ನಡದಲ್ಲಿ ಟೈಪ್ ಮಾಡೋದು ಅವರ ಕೆಲಸ. ನನಗೆ ಆಳ ಅನ್ನಿಸಿದ ಅದೇ ಕೀಗಳು ಅವರಿಗೆ ಹಿತ. "ಇದು ಪರವಾಗಿಲ್ಲಮ್ಮ, ಒತ್ತಿದ ಹಾಗೆ ಅನ್ಸುತ್ತೆ. ನಿಂದು ಮೇಜು ತಟ್ಟಿದ ಹಾಗಿದೆ" ಅಂತಾರೆ.

ಮೊನ್ನೆ ಕೆಂಗೇರಿಯ ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. "ಅಕ್ಕಾ, ಕುತ್ತಿಗೆ ನೋವು. ಕೀಬೋರ್ಡ್ ತಗೋಬೇಕು, ಯಾವುದು ಬೆಸ್ಟು?"

"ಮನೇಲಿ ಸ್ಕೇಲ್ ಇದ್ಯೇನೋ?" ಅಂತ ಕೇಳಿದೆ.